ಇಪ್ಪತ್ತೆರಡನೆಯ ಆಯ್ಕೆ

ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವ ಗುಮಾಸ್ತೆಗೆ ಆ ತಿಂಗಳು ಮೂರನೆಯ ಸಲ ಎದುರಾದವರು ಡ್ರೈವಿಂಗ್ ಮೇಷ್ಟ್ರು. ಊರಿನ ಅರ್ಧದಷ್ಟು ಜನಕ್ಕೆ ಕಾರು ಓಡಿಸಲು ಕಲಿಸಿ ನಿವೃತ್ತರಾದವರು. ಅವರ ಬೀದಿಯ ನಲ್ಲಿ ನೀರು ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಬಾಟಲಿಯಲ್ಲಿ ಹಿಡಿದು ತಂದಿದ್ದರು. ಅವಳು ಮುಚ್ಚಳ ತೆಗೆದು ಮೂಸಿದಳು. ಮೂಗು ಹಿಡಿದುಕೊಳ್ಳುವಂತಿತ್ತು.

ಕಂಪ್ಯೂಟರಿನಲ್ಲಿ ದೂರುಗಳ ಪಟ್ಟಿ ತೆರೆದಳು. ನೀರು ಬರುತ್ತಿಲ್ಲ, ಕಡಿಮೆ ಬರುತ್ತಿದೆ, ಕೆಂಪಗೆ ಬರುತ್ತಿದೆ, ಪೈಪು ಒಡೆದಿದೆ, ಮೀಟರು ನಿಂತಿದೆ... ಹೀಗೆ ಇಪ್ಪತ್ತೊಂದು. ವಾಸನೆಯ ಸುದ್ದಿಯೇ ಇಲ್ಲ. ಹಿಂದಿನ ಎರಡು ಸಲದಂತೆ ಕಟ್ಟಕಡೆಯ 'ಇತರೆ' ಒತ್ತಿ, ಯಂತ್ರ ಕೊಟ್ಟ ಚೀಟಿಯನ್ನು ಹರಿದು ಕೊಟ್ಟಳು. ದೂರು ದಾಖಲಾಗಿದೆ ಎಂದಳು.

"ಹೋದ ಸಲಾನೂ ದಾಖಲಾಗಿದೆ ಅಂದ್ರಿ. ದಾಖಲಾಗಿ ಎಲ್ಲಿಗಮ್ಮ ಹೋಗುತ್ತೆ ಅದು?" ಎಂದರು ಮೇಷ್ಟ್ರು.

ನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತಿದ್ದವಳು ಮೊದಲ ಸಲ ಅದನ್ನು ಪತ್ತೆ ಮಾಡಲು ಊಟದ ಬಿಡುವಿನಲ್ಲಿ ಫೋನು ಹಿಡಿದಳು. ದುರಸ್ತಿ ವಿಭಾಗದವರು ತಮಗೆ ಬಂದಿಲ್ಲ ಎಂದರು. ನೀರು ಪರೀಕ್ಷೆಯವರು, ತಮ್ಮ ಪರದೆಯ ಮೇಲೆ ದೂರಿನ ಸಂಖ್ಯೆ ಕಾಣದೆ ಕಾಲು ಹೊರಗಿಡುವಂತಿಲ್ಲ ಎಂದರು. ಮುಖ್ಯ ಕಚೇರಿಯವರು ಸಿಸ್ಟಂನಲ್ಲಿ ಇದೆಯಲ್ಲ ಎಂದು ಫೋನಿಟ್ಟರು. ಡಬ್ಬಿಯಲ್ಲಿದ್ದ ಊಟ ಡಬ್ಬಿಯಲ್ಲೇ ತಣ್ಣಗಾಯಿತು.

ಆ ಪರದೆಯನ್ನು ವಿನ್ಯಾಸ ಮಾಡಿದ ಕಂಪನಿಯಲ್ಲೇ ಅವಳ ನಾದಿನಿ ಕೆಲಸಕ್ಕಿದ್ದಳು. ಭಾನುವಾರ ನಾದಿನಿಯ ಮನೆಗೆ ಹೋದವಳು ಚಪ್ಪಲಿ ಬಿಡುತ್ತಲೇ ವಿಷಯ ತೆಗೆದಳು. ನಾದಿನಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೈ ನಿಂತಿತು.

"ಆ ಇತರೆ ನಾನೇ ಹಾಕಿದ್ದು ಅತ್ತಿಗೆ. ನಿಮ್ಮೋರು ಇಪ್ಪತ್ತೊಂದು ಬರೆದು ಕೊಟ್ರು, ಒಂದೊಂದಕ್ಕೂ ಒಬ್ಬೊಬ್ಬ ಅಧಿಕಾರಿ. ಇತರೆಗೆ ಯಾರ ಹೆಸರೂ ಕೊಡ್ಲಿಲ್ಲ."

"ಮತ್ತೆ ಯಾಕೆ ಹಾಕಿದೆ?"

"ಪಟ್ಟಿ ಅರ್ಧಕ್ಕೆ ನಿಂತ ಹಾಗೆ ಕಾಣ್ತಿತ್ತು."

ಇತರೆಯ ಖಾನೆಯಲ್ಲಿ ಎಷ್ಟು ದೂರು ಬಿದ್ದಿವೆ ಎಂದು ಗುಮಾಸ್ತೆ ಕೇಳಿದಾಗ ನಾದಿನಿ ಲ್ಯಾಪ್‌ಟಾಪ್ ತೆರೆದು ನೋಡಿ, ಆರು ಸಾವಿರದ ಚಿಲ್ಲರೆ ಎಂದು ಮೆಲ್ಲಗೆ ಹೇಳಿದಳು. ಒಂದನ್ನೂ ಯಾರೂ ತೆರೆದಿರಲಿಲ್ಲ. ಅದರಲ್ಲಿ ಎಷ್ಟೋ ಜನರ ಕೈಗೆ ಚೀಟಿ ಕೊಟ್ಟು ಕಳಿಸಿದವಳು ಗುಮಾಸ್ತೆಯೇ. ನಾದಿನಿ ನಾಚಿಕೆಯಿಂದಲೋ ಏನೋ, ಸರಿ ಮಾಡಿಸುತ್ತೇನೆಂದು ಮಾತು ಕೊಟ್ಟಳು. ಅಂದೇ ಕೂತು ಮೇಲಿನವರಿಗೆ ಉದ್ದನೆಯ ಪತ್ರವನ್ನೂ ಬರೆದಳು.

ಮೂರು ವಾರಕ್ಕೆ ಹೊಸ ಪರದೆ ಬಂತು. ಗುಮಾಸ್ತೆ ಆಸೆಯಿಂದ ಪಟ್ಟಿ ತೆರೆದಳು. ವಾಸನೆ ಸೇರಿರಲಿಲ್ಲ, 'ಇತರೆ'ಯನ್ನೇ ಕಿತ್ತುಹಾಕಿದ್ದರು. ಉತ್ತರ ಸಿಗದ ದೂರುಗಳ ಲೆಕ್ಕ ಅಷ್ಟರಮಟ್ಟಿಗೆ ಇಳಿಯುತ್ತದೆಂದು ಮೇಲಿನವರಿಗೆ ಬಹಳ ಖುಷಿಯಾಗಿತ್ತಂತೆ. ತಪ್ಪು ಖಾನೆಗೆ ದೂರು ಹಾಕುವ ಸಿಬ್ಬಂದಿಯ ಮೇಲೆ ಕ್ರಮ ಜರುಗಿಸುವುದಾಗಿ ಒಂದು ಸುತ್ತೋಲೆಯೂ ಜೊತೆಗೆ ಬಂತು.

ಅದೇ ಬೆಳಗ್ಗೆ ಮೇಷ್ಟ್ರು ಮತ್ತೆ ಬಂದರು. ಈ ಸಲ ಬಾಟಲಿ ತಂದಿರಲಿಲ್ಲ. ಮೊಮ್ಮಗಳಿಗೆ ಮೈಯೆಲ್ಲ ದದ್ದು ಎದ್ದಿದೆ ಎಂದಷ್ಟೇ ಹೇಳಿದರು. ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿಸಿದಳು. ಆಮೇಲೆ ಹಲ್ಲು ಕಚ್ಚಿ 'ಪೈಪು ಒಡೆದಿದೆ' ಒತ್ತಿದಳು.

ಎರಡೇ ಗಂಟೆಯಲ್ಲಿ ದುರಸ್ತಿಯವರ ವ್ಯಾನು ಆ ಬೀದಿಗೆ ಹೋಯಿತು. ಒಡೆದ ಪೈಪು ಕಾಣದೆ ಮೇಸ್ತ್ರಿ ಕೌಂಟರಿಗೇ ಫೋನು ಮಾಡಿ ಕೂಗಾಡಿದ. ಅವಳು ಎಲ್ಲ ಕೇಳಿಸಿಕೊಂಡು, ಬಂದಿದ್ದಾಗಿದೆ, ಒಂದು ನಲ್ಲಿ ತಿರುಗಿಸಿ ಮೂಸಿ ನೋಡಿ ಎಂದಳು. ಆ ಕಡೆ ನಲ್ಲಿ ತಿರುಗಿದ ಸದ್ದು, ಆಮೇಲೆ ಗುದ್ದಲಿ ತನ್ನಿ ಎಂಬ ಕೂಗು ಕೇಳಿಸಿತು. ಸಂಜೆಯೊಳಗೆ ಅಗೆದು ನೋಡಿದರೆ, ಮುಚ್ಚಿಹೋದ ಗ್ಯಾರೇಜಿನ ಹಳೇ ಡೀಸೆಲ್ ತೊಟ್ಟಿ ನೆಲದಡಿ ಸೋರಿ, ಪಕ್ಕದ ಪ್ಲಾಸ್ಟಿಕ್ ಪೈಪು ಮೆತ್ತಗಾಗಿ ಎಣ್ಣೆ ಹೀರಿಕೊಂಡಿತ್ತು. ವಾರದಲ್ಲಿ ಪೈಪು ಬದಲಾಯಿತು. ಗುಮಾಸ್ತೆಗೆ ಮೆಮೊ ಬಂತು: ಒಡೆಯದ ಪೈಪನ್ನು ಒಡೆದಿದೆ ಎಂದು ನಮೂದಿಸಿದ್ದೇಕೆ? ನಡೆದದ್ದನ್ನು ನಡೆದಂತೆ ಎರಡು ಪುಟ ಬರೆದು ಕೊಟ್ಟಳು. ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು.

ಆದರೆ ದಾರಿ ಗೊತ್ತಾಗಿಬಿಟ್ಟಿತ್ತು. ಪಕ್ಕದ ಕೌಂಟರಿನವರೂ ಬಗೆಹರಿಯದ ದೂರು ಬಂದಾಗಲೆಲ್ಲ ಪೈಪು ಒಡೆಯತೊಡಗಿದರು.

ಎರಡು ತಿಂಗಳ ಮೇಲೆ ನಾದಿನಿಯ ಫೋನು ಬಂತು.

"ಅತ್ತಿಗೆ, ಊರಲ್ಲಿ ಯಾಕೆ ಇಷ್ಟೊಂದು ಪೈಪು ಒಡೀತಿದೆ? ಅದಕ್ಕೇ ಒಂದು ಹೊಸ ಪರದೆ ಮಾಡು ಅಂತಿದಾರೆ."

"ಒಂದು ವಾರ ಬಂದು ನನ್ನ ಪಕ್ಕ ಕೂತ್ಕೋ. ಆಮೇಲೆ ಮಾಡು."

ಕೇಳಿ ನೋಡುತ್ತೇನೆ ಎಂದಳು ನಾದಿನಿ. ರಜೆ ಸಿಗಲಿಲ್ಲ. ಹೊಸ ಪರದೆ ಬಂತು. ಅದರಲ್ಲಿ ಪೈಪು ಎಷ್ಟು ಉದ್ದಕ್ಕೆ ಒಡೆದಿದೆ ಎಂದು ಅಳತೆ ತುಂಬದೆ ಮುಂದಕ್ಕೆ ಹೋಗುವಂತಿರಲಿಲ್ಲ.