ಕನ್ನಡಿ ಮಹಲಿನ ಗೋಡೆ

ಗೋಡೆ ಕಂಡರೆ ಗಾರೆಯಕ್ಕನ ಕೈ ಸುಮ್ಮನಿರುವುದಿಲ್ಲ. ಯಾರ ಮನೆಗೇ ಹೋಗಲಿ, ಕೂರುವ ಮೊದಲು ಬೆರಳ ಗೆಣ್ಣಿನಿಂದ ಟಕಟಕ ತಟ್ಟಿ ಕಿವಿಗೊಟ್ಟು ಕೇಳಬೇಕು. ಗಾರೆ ಕಲ್ಲಿಗೆ ಕಚ್ಚಿಕೊಂಡಿದ್ದರೆ ಸದ್ದು ಗಟ್ಟಿ, ಒಳಗೇ ಬಿಟ್ಟುಕೊಂಡಿದ್ದರೆ ಟೊಳ್ಳು. ಬೀಗರ ಮನೆಗೆ ಮೊದಲ ಸಲ ಹೋದಾಗ ಗೋಡೆ ತಟ್ಟಿ "ಟೊಳ್ಳು" ಎಂದು ತೀರ್ಪು ಕೊಟ್ಟಿದ್ದನ್ನು ಬೀಗಿತ್ತಿ ಇವತ್ತಿಗೂ ಮರೆತಿಲ್ಲ.

ಇಂಥವಳನ್ನು ಕೆಲಸಕ್ಕಿಟ್ಟುಕೊಂಡ ಕಟ್ಟಡದ ಕಂಪನಿಯವರು, ಹಳೇ ಕಾಲದ ಸುಣ್ಣದ ಗಾರೆ ಕಲಿತು ಬಾ ಎಂದು ಅವಳನ್ನು ಹೊರದೇಶಕ್ಕೆ ಕಳಿಸಿದರು. ಬೆಂಚಿನ ಮೇಲೆ ಕೂತು ಕಲಿಯುವ ಕೋರ್ಸಲ್ಲ, ಹಳೇ ಕಟ್ಟಡವೊಂದರಲ್ಲಿ ಕರಣೆ ಹಿಡಿದು, ಗೋಡೆಗೆ ಬಳಿದು ಕಲಿಯುವುದು. ಗಂಡ ತನ್ನ ಕಟಿಂಗ್ ಶಾಪಿನ ಬಾಗಿಲೆಳೆದು, ತನ್ನ ಟಿಕೆಟ್ಟು ತಾನೇ ಕೊಂಡು ಜೊತೆಗೆ ಹೊರಟೇಬಿಟ್ಟ.

"ಸ್ವಾಮಿಕಾರ್ಯ ನಿಂದು, ಸ್ವಕಾರ್ಯ ನಂದು" ಅಂದ.

ಆ ಸ್ವಕಾರ್ಯವೆಂದರೆ ಕನ್ನಡಿ ಮಹಲು. ಕೋರ್ಸು ನಡೆಯುವ ಊರಿನ ಅರಮನೆಯೊಳಗೆ ನೆಲದಿಂದ ಸೂರಿನವರೆಗೂ ಕನ್ನಡಿ ಕೂರಿಸಿದ ಹಜಾರವೊಂದಿದೆ. ಅದರ ಚಿತ್ರವಿದ್ದ ಕ್ಯಾಲೆಂಡರು ಹಳತಾದರೂ ಅವನ ಅಂಗಡಿಯ ಗೋಡೆಯಿಂದ ಇಳಿದಿರಲಿಲ್ಲ. "ಅಲ್ಲಿ ನಿಂತ್ರೆ ತಲೆ ಎಲ್ಲಾ ಕಡೆಯಿಂದಲೂ ಕಾಣುತ್ತೆ ಸ್ವಾಮಿ, ಹಿಂದಗಡೆ ಕನ್ನಡಿ ಹಿಡಿಯೋ ಕೆಲಸವೇ ಇಲ್ಲ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿ ಹೇಳಿ, ಒಂದು ದಿನ ಅಲ್ಲಿ ನಿಲ್ಲದಿದ್ದರೆ ಮುಖ ತೋರಿಸುವ ಹಾಗಿಲ್ಲ ಎಂಬಂತಾಗಿತ್ತು.

ಕೋರ್ಸು ಶುರುವಾಯಿತು. ಹತ್ತಾರು ದೇಶದ ಗಾರೆಯವರು. ಒಬ್ಬರ ಮಾತು ಒಬ್ಬರಿಗೆ ಬಾರದು. ಕಲಿಸುವ ಮುದುಕ ಮೇಸ್ತ್ರಿ ಮಾತಿನಲ್ಲಿ ಮಹಾ ಜಿಪುಣ. ಗೋಡೆ ತಟ್ಟುತ್ತಾನೆ, ತಲೆ ಆಡಿಸುತ್ತಾನೆ, ಅಷ್ಟೇ ಪಾಠ. ಗಾರೆಯಕ್ಕನಿಗೆ ತವರಿಗೆ ಬಂದಷ್ಟು ಖುಷಿ. ಗಂಡ ಮಾತ್ರ ಭಾನುವಾರದ ರಜೆಗೆ ಕಾಯುತ್ತಾ, ಹೊತ್ತು ಹೋಗದೆ, ಗಾರೆಯವರ ತಲೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ಚೊಕ್ಕ ಮಾಡಿದ. ಮೇಸ್ತ್ರಿಯ ಹುಬ್ಬನ್ನೂ ಬಿಡಲಿಲ್ಲ.

ಭಾನುವಾರ ಇವರಿಬ್ಬರು ಅರಮನೆಗೆ ಹೊರಟದ್ದನ್ನು ಕಂಡು ಇಡೀ ಕ್ಲಾಸು ಹಿಂದೆ ಬಿತ್ತು. ಕೋರ್ಸಿನ ಗುರುತಿನ ಬಿಲ್ಲೆ ಕೊರಳಿಗೆ ಹಾಕಿಕೊಂಡರೆ ಟಿಕೆಟ್ಟು ಅಗ್ಗವೆಂದು ಗಂಡನಿಗೂ ಒಂದು ಬಿಲ್ಲೆ ತೂಗುಹಾಕಿದರು. ಒಂದಾದ ಮೇಲೊಂದು ಕೋಣೆ ದಾಟಿ ಮಹಲಿನ ಬಾಗಿಲ ಹತ್ತಿರ ಬಂದಾಗ ಅವನು ಎಲ್ಲರಿಗಿಂತ ಮುಂದೆ, ತಲೆಗೂದಲು ನೀವಿಕೊಳ್ಳುತ್ತಾ ನಿಂತಿದ್ದ. ಬಾಗಿಲ ಎಡಪಕ್ಕದಲ್ಲಿ ಬರೀ ಸುಣ್ಣದ ಗೋಡೆ, ಬೆಣ್ಣೆ ಸವರಿದಷ್ಟು ನುಣುಪು. ಗಾರೆಯಕ್ಕ ತಡೆದುಕೊಂಡಳು. ನಿಜವಾಗಿಯೂ ತಡೆದುಕೊಂಡಳು. ಆಮೇಲೆ ತಟ್ಟಿದಳು.

ಅವಳು ತಟ್ಟಿದ್ದೇ ತಡ, ಉಳಿದವರ ಕೈಗೂ ಅಪ್ಪಣೆ ಸಿಕ್ಕಂತಾಯಿತು. ಸಾಲಾಗಿ ನಿಂತು ಎಲ್ಲರೂ ಟಕಟಕ. ಮೇಸ್ತ್ರಿಯೂ ಕನ್ನಡಕ ಏರಿಸಿ ಬಗ್ಗಿ ತಟ್ಟಿದ. ಮೀಸೆಯ ಕಾವಲುಗಾರನೊಬ್ಬ ಎಲ್ಲಿಂದಲೋ ಓಡಿಬಂದು ಗಾರೆಯಕ್ಕನ ಕೈಗೆ ಅಡ್ಡ ನಿಂತ. ಅವನು ಏನು ಬೈದನೋ ಯಾರಿಗೂ ತಿಳಿಯಲಿಲ್ಲ, ಹೊರಬಾಗಿಲು ಯಾವ ಕಡೆ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು. ಬಿಲ್ಲೆ ಇದ್ದವರನ್ನೆಲ್ಲ ಆಚೆ ಹಾಕಿದರು. ಯಾವ ಗೋಡೆಯನ್ನೂ ಮುಟ್ಟದ ಗಂಡನ ಕೊರಳಲ್ಲೂ ಬಿಲ್ಲೆ ಇತ್ತಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ರೀ, ತಪ್ಪಾಯ್ತು" ಅಂದಳು ದಾರಿಯಲ್ಲಿ.

"ಬಿಡೇ. ಹುಟ್ಟುಗುಣ ಸುಟ್ರೂ ಹೋಗಲ್ಲ."

ನಾಲ್ಕು ಹೆಜ್ಜೆ ಹೋಗಿ ತಿರುಗಿ ಅರಮನೆ ಕಡೆ ನೋಡಿದಳು. "ಆದ್ರೂ ರೀ, ಆ ಬಾಗಿಲ ಅಂಚಿನ ಹತ್ರ ಏನೋ ಅನುಮಾನ. ತಟ್ಟೋಷ್ಟರಲ್ಲಿ ಆ ಮೀಸೆ ಅಡ್ಡ ಬಂತು."

ಗಂಡ ಕೊರಳಿನ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಇಷ್ಟು ದೂರ ಬಂದವನನ್ನು ಹೋದ ಪುಟ್ಟ ಬಂದ ಪುಟ್ಟ ಮಾಡಿಬಿಟ್ಟೆನಲ್ಲ ಎಂದು ಅವಳು ಮರುಗಿದಳು. ಇನ್ನು ರಜೆಯಿಲ್ಲ, ಕೊನೆಯ ದಿನ ಮಾತ್ರ ಮಧ್ಯಾಹ್ನ ಕೆಲಸ ಮುಗಿಯುತ್ತದೆ, ವಿಮಾನ ರಾತ್ರಿಗೆ. ಅವತ್ತು ಏನಾದರಾಗಲಿ ಇವನನ್ನು ಆ ಮಹಲಿನಲ್ಲಿ ನಿಲ್ಲಿಸಿಯೇ ತೀರಬೇಕು ಎಂದುಕೊಂಡಳು.

ಕೊನೆಯ ದಿನ ಗೋಡೆ ಕೈಕೊಟ್ಟಿತು. ಪರೀಕ್ಷೆಯೆಂದು ಪ್ರತಿಯೊಬ್ಬರಿಗೂ ಒಂದು ಗೋಡೆ ವಹಿಸಿದ್ದರು. ಅವಳ ಗೋಡೆಯ ಕೆಳಗಿನ ಪದರ ಇನ್ನೂ ಒದ್ದೆ. ಸುಣ್ಣದ ಗಾರೆಗೆ ಅವಸರವಿಲ್ಲ. ಅರ್ಧ ಆರಿದ ಹದದಲ್ಲಿ ಕರಣೆಯಿಂದ ಒತ್ತಿ ಒತ್ತಿ ಉಜ್ಜಬೇಕು. ಮೊದಲೇ ಉಜ್ಜಿದರೆ ಕಿತ್ತು ಬರುತ್ತದೆ, ತಡವಾದರೆ ಬಿರಿಯುತ್ತದೆ. ಆ ಹದ ಬರುವ ಹೊತ್ತಿಗೆ ಸಂಜೆ, ಅರಮನೆ ಬಾಗಿಲು ಹಾಕುವುದೂ ಸಂಜೆ.

"ಗೋಡೆ ಹಾಳಾಗಿ ಹೋಗ್ಲಿ, ನಡೀರಿ" ಎಂದು ಕರಣೆ ಕೆಳಗಿಟ್ಟಳು.

ಗಂಡ ಕರಣೆ ಎತ್ತಿ ಮತ್ತೆ ಅವಳ ಕೈಗೆ ಕೊಟ್ಟ. "ಕಲಿಯೋಕೆ ಬಂದವಳು ಕಲಿತು ಬಾ. ನಾನೇನು ಮಗುವೇ? ಒಬ್ಬನೇ ಹೋಗಿಬರ್ತೀನಿ."

ತಮ್ಮೂರಿನಲ್ಲೇ ಯಾವ ಬಸ್ಸು ಹತ್ತಬೇಕೆಂದು ದಿನಾ ಹೆಂಡತಿಯನ್ನು ಕೇಳುವ ಗಂಡಸು, ಭಾಷೆ ಬಾರದ ಊರಿನಲ್ಲಿ ಒಬ್ಬನೇ ಹೊರಟ. ಈ ಸಲ ಬಿಲ್ಲೆ ಹಾಕಿಕೊಳ್ಳಲಿಲ್ಲ. ಪೂರ್ತಿ ದುಡ್ಡು ಕೊಟ್ಟೇ ಹೋಗುವುದೆಂದು ಮೊದಲೇ ತೀರ್ಮಾನಿಸಿದ್ದ.

ಅವಳು ಉಜ್ಜಿದಳು. ಕೈ ಗೋಡೆಯ ಮೇಲೆ, ಜೀವ ಬಾಗಿಲ ಮೇಲೆ. ದಾರಿ ತಪ್ಪಿದನೋ, ಮೀಸೆಯವನು ಗುರುತು ಹಿಡಿದನೋ, ವಿಮಾನ ತಪ್ಪಿದರೇನು ಗತಿ. ಬೆಳಕು ಇಳಿಯುವ ಹೊತ್ತಿಗೆ ಮೇಸ್ತ್ರಿ ಬಂದು ಅವಳ ಗೋಡೆಯನ್ನು ಮೇಲಿಂದ ಕೆಳಗಿನವರೆಗೂ ತಟ್ಟಿ, ಗಟ್ಟಿಯಾಗಿದೆ ಎಂಬಂತೆ ಬೆನ್ನು ಚಪ್ಪರಿಸಿ ಹೋದ. ಅದಕ್ಕಾಗಿಯೇ ಸಮುದ್ರ ದಾಟಿ ಬಂದವಳಿಗೆ ಆ ಚಪ್ಪರಿಕೆ ಮೈಗೆ ತಾಕಲೂ ಇಲ್ಲ.

ಅಷ್ಟರಲ್ಲಿ ಗಂಡ ಬಂದ. ಅಂಗಿಯ ಮೇಲಿನ ಗುಂಡಿ ಬಿಚ್ಚಿಹೋಗಿತ್ತು, ಮುಖ ಮಾತ್ರ ಅರಳಿತ್ತು.

"ನೋಡಿದ್ರಾ ರೀ?"

"ನೋಡಿದೆ. ಬಾಗಿಲಲ್ಲಿ ನಿಂತು ಇಣುಕಿ ನೋಡಿದೆ. ಬಲು ಚೆನ್ನಾಗಿದೆ."

"ಇಣುಕಿ ಯಾಕೆ? ಒಳಗೆ ಹೋಗ್ಲಿಲ್ವಾ?"

ಅವನು ಕತ್ತು ಕೆರೆದುಕೊಂಡ. "ಹೋಗೋದಕ್ಕೇ ಕಾಲಿಟ್ಟೆ ಕಣೇ. ಎಡಗಡೆ ನಿನ್ನ ಗೋಡೆ. ನಾನು ವಾಪಸ್ ಬಂದ ಮೇಲೆ ನೀನು ಕೇಳೋದು ಅದನ್ನೇ ತಾನೇ, ಬಾಗಿಲ ಅಂಚು ಹೆಂಗಿತ್ತು ಅಂತ. ಮೊದಲು ಅದನ್ನ ಮುಗಿಸಿಬಿಡೋಣ ಅಂತ ತಟ್ಟಿದೆ. ನೀನು ಮಾಡೋ ಹಾಗೆ ಕಿವಿನೂ ಇಟ್ಟೆ. ಖಾತ್ರಿ ಆಗ್ಲಿಲ್ಲ, ಅಂಚಿನುದ್ದಕ್ಕೂ ಇನ್ನೊಂದು ಸಲ ತಟ್ಟಿದೆ. ಅಷ್ಟೊತ್ತಿಗೆ ಅವನೇ ಬಂದ, ಮೀಸೆ."

"ಅಯ್ಯೋ, ನಿಮ್ಮ ಕನ್ನಡಿ ಹೋಯ್ತಲ್ರೀ."

"ಕನ್ನಡಿ ನಮ್ಮ ಅಂಗಡೀಲೂ ಇದೆ, ಬಿಡೇ. ಟೊಳ್ಳು ಕಣೇ ಆ ಗೋಡೆ. ನಿನ್ನ ಅನುಮಾನ ಸರಿ."

ಗಾರೆಯಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು. ಇಷ್ಟು ವರ್ಷ ಒಟ್ಟಿಗೆ ಬಾಳಿದ ಗಂಡನ ಮೇಲೆ ಒಂದೇ ಸಲಕ್ಕೆ ಇಷ್ಟೊಂದು ಪ್ರೀತಿ ಉಕ್ಕಿದ್ದು ನೆನಪಿರಲಿಲ್ಲ. ಸುಣ್ಣ ಮೆತ್ತಿದ ಕೈ, ಕಣ್ಣು ಒರೆಸಿಕೊಳ್ಳುವ ಹಾಗಿಲ್ಲ. ಅವನೇ ತನ್ನ ಕರವಸ್ತ್ರ ತೆಗೆದು ಒರೆಸಿದ.

"ಎಷ್ಟಗಲ ಇತ್ತು ರೀ, ಟೊಳ್ಳು?" ಅಂದಳು.

ಅವನು ಕರವಸ್ತ್ರ ಹೆಗಲ ಮೇಲೆ ಹಾಕಿಕೊಂಡು, ಎರಡೂ ಕೈ ಅಗಲಿಸಿ ಅಳತೆ ತೋರಿಸಿದ.