ದಾರ ಮುಗಿಯುವ ತನಕ

ಟೈಲರಕ್ಕನ ಮಗಳಿಗೆ ಬೀದಿಯವರು ಇಟ್ಟ ಹೆಸರು ಬುಗುರಿ. ಹನ್ನೆರಡು ತುಂಬಿದರೂ ಒಂದು ಕಡೆ ಕೂರುವವಳಲ್ಲ. ಅಂಗಿಯ ಹೊಲಿಗೆ ಕುತ್ತಿಗೆಗೆ ತಾಕಿದರೆ ಸಾಕು, ಬೀದಿಯೆಲ್ಲ ಕೇಳುವಂತೆ ಚೀರುತ್ತಿದ್ದಳು. ಆಟಿಸಂ ಇದೆ, ಜೊತೆಗೆ ಎಡಿಎಚ್‌ಡಿಯೂ ಇದೆ ಎಂದು ಡಾಕ್ಟರು ಹೇಳಿದ್ದರು. ಟೈಲರಕ್ಕನ ಅತ್ತೆಯ ಪ್ರಕಾರ ಇದ್ದದ್ದು ಒಂದೇ ಕಾಯಿಲೆ, ತಾಯಿಯ ಮುದ್ದು.

"ನಾವೂ ಮಕ್ಕಳನ್ನ ಹೆತ್ತಿದೀವಮ್ಮ. ನೀನು ತಲೆ ಮೇಲೆ ಕೂರಿಸ್ಕೊಂಡಿದೀಯ, ಅವಳು ಕುಣೀತಾಳೆ," ಎಂದು ಮುದುಕಿ ದಿನಾ ಚುಚ್ಚುತ್ತಿದ್ದರು.

ದೊಡ್ಡಾಸ್ಪತ್ರೆಯಲ್ಲಿ ಇಂಥ ಮಕ್ಕಳ ಮೆದುಳಿನ ಚಿತ್ರ ತೆಗೆಯುತ್ತಾರೆಂದು ಗೊತ್ತಾದಾಗ ಟೈಲರಕ್ಕ ಓಡಿಹೋಗಿ ಹೆಸರು ಕೊಟ್ಟಳು. ಅಲ್ಲಿಯ ಡಾಕ್ಟರಮ್ಮ ಬಿಡಿಸಿಯೇ ಹೇಳಿದರು: "ನೂರಾರು ಮಕ್ಕಳದ್ದು ಹೋಲಿಸಿದ್ರೆ ಸಣ್ಣಪುಟ್ಟ ವ್ಯತ್ಯಾಸ ಕಾಣಬಹುದಮ್ಮ. ಒಬ್ಬಳ ಚಿತ್ರ ನೋಡಿ ಇವಳು ಹೀಗ್ಯಾಕೆ ಅಂತ ಹೇಳಕ್ಕಾಗಲ್ಲ." ಟೈಲರಕ್ಕನ ಕಿವಿಗೆ ಬಿದ್ದದ್ದು ವ್ಯತ್ಯಾಸ ಎಂಬ ಒಂದೇ ಮಾತು. ಆ ಚಿತ್ರ ತಂದು ಅತ್ತೆಯ ಮುಖಕ್ಕೆ ಹಿಡಿಯಬೇಕು, ತಪ್ಪು ನನ್ನದಲ್ಲ ಅನ್ನಬೇಕು. ಅಷ್ಟಾದರೆ ಅವಳ ಜನ್ಮ ಸಾರ್ಥಕ.

ಆದರೆ ಸ್ಕ್ಯಾನಿಂಗ್ ಯಂತ್ರ ಬಡಬಡ ಸದ್ದು ಮಾಡುತ್ತದೆ, ಅದರೊಳಗೆ ಅಲ್ಲಾಡಬಾರದು. ಬುಗುರಿಯನ್ನು ಅಲ್ಲಾಡದಂತೆ ಮಲಗಿಸುವುದು ಹುಡುಗಾಟವೇ? ಟೈಲರಕ್ಕ ಅವಳನ್ನು ಹೊಲಿಗೆ ಮಿಷನ್ನಿನ ಮೇಜಿನ ಕೆಳಗೆ ಮಲಗಿಸಿ ಮೋಟಾರು ಓಡಿಸಿದಳು.

"ಸದ್ದು ಇರೋವರೆಗೂ ನೀನು ಕಲ್ಲು. ದಾರ ಮುಗೀತು ಅಂತ ನಾನಂದ್ಮೇಲೇ ಏಳ್ಬೇಕು. ಅಲ್ಲಾಡಿದ್ರೆ ಮತ್ತೆ ಮೊದಲಿಂದ."

ಅತ್ತಳು, ಕಚ್ಚಿದಳು, ತಲೆ ಚಚ್ಚಿಕೊಂಡಳು. ಕೊನೆಗೆ ಕಲಿತಳು. ಒಮ್ಮೆ ಕಲಿತರೆ ಕೂದಲೆಳೆಯಷ್ಟೂ ತಪ್ಪದ ಮಗು ಅದು.

ಆಸ್ಪತ್ರೆಯ ಅಂಗಿ ಮೈಗೆ ಒರಟು. ಟೈಲರಕ್ಕ ಹಳೆಯ ಹೊದಿಕೆ ಕತ್ತರಿಸಿ ಮೆತ್ತನೆಯ ಅಂಗಿ ಹೊಲಿದಳು. ಯಂತ್ರವೆಂದರೆ ದೊಡ್ಡ ಅಯಸ್ಕಾಂತ, ಒಳಗೆ ಲೋಹ ಒಯ್ಯಬಾರದು; ಅದಕ್ಕೇ ಗುಂಡಿಯಿಲ್ಲ, ಹುಕ್ಕಿಲ್ಲ, ಬಟ್ಟೆಯದೇ ಕಟ್ಟು. ಹೊಲಿಗೆ ತಾಕದಿರಲೆಂದು ಕತ್ತುಪಟ್ಟಿಯನ್ನು ಎರಡು ಸಲ ಮಡಚಿದ್ದಳು.

ಒಳಗೆ ಹೋಗುವ ಮುನ್ನ ಸ್ಕ್ಯಾನಿಂಗ್‌ನವನು ಲೋಹ ಪತ್ತೆ ಮಾಡುವ ಕೋಲು ತಂದ. ಅದು ಕಿರ್ ಅಂದದ್ದೇ ತಡ, ಬುಗುರಿ ಗೋಡೆಗೆ ಹೋಗಿ ಬಡಿದುಕೊಂಡಳು.

"ಅದನ್ನ ತಗೊಂಡು ಹೋಗಣ್ಣ! ನಾನೇ ಕೈಯಾರೆ ಹೊಲಿದಿದೀನಿ. ನನ್ನ ಕೆಲಸ ನಂಗೆ ಗೊತ್ತಿಲ್ವಾ?"

ಕೋಲು ಕೆಳಗಿಟ್ಟದ್ದು ಅವನ ತಪ್ಪು, ಇಡಿಸಿದ್ದು ಇವಳ ಜಂಬ. ತೊಂದರೆಯಾದರೆ ಒತ್ತು ಎಂದು ಅವನು ಹುಡುಗಿಯ ಕೈಗೆ ರಬ್ಬರ್ ಉಂಡೆ ಕೊಟ್ಟ. ತಾಯಿ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು: "ಒತ್ತಬೇಡ. ಒತ್ತಿದ್ರೆ ಮತ್ತೆ ಮೊದಲಿಂದ."

ಗಾಜಿನಾಚೆ ಯಂತ್ರ ಬಡಿಯುತ್ತಿತ್ತು. ಎರಡು ಪುಟ್ಟ ಪಾದಗಳು ಮಿಸುಕಲಿಲ್ಲ. ಟೈಲರಕ್ಕನ ಕಣ್ಣು ತುಂಬಿ ಬಂತು.

"ದೊಡ್ಡೋರೂ ಹೀಗೆ ಮಲಗಲ್ಲಕ್ಕಾ," ಎಂದ ಅವನು. ಮೊದಲ ಚಿತ್ರ ತೆರೆಗೆ ಬಂತು. ಮೆದುಳು ಇರಬೇಕಾದ ಕಡೆ ಅರ್ಧಕ್ಕರ್ಧ ಕಪ್ಪು. ಅವನ ಮುಖ ಬಿಳುಚಿತು. ಯಂತ್ರ ನಿಲ್ಲಿಸಿ ಒಳಗೆ ಓಡಿದ.

ಹೊರಗೆಳೆದರೂ ಬುಗುರಿ ಏಳಲಿಲ್ಲ. ಕಣ್ಣು ಮಾತ್ರ ತಾಯಿಯನ್ನು ಹುಡುಕುತ್ತಿತ್ತು.

"ದಾರ ಮುಗೀತು ಕಂದಾ, ದಾರ ಮುಗೀತು!"

ಎದ್ದು ಕೂತಳು. ಹಿಂಗುತ್ತಿಗೆ ರಕ್ತದಲ್ಲಿ ತೊಯ್ದಿತ್ತು. ಹೊಲಿಯುವಾಗ ಮಡಿಕೆ ಹಿಡಿಯಲು ಸಿಕ್ಕಿಸಿದ್ದ ಗುಂಡುಸೂಜಿಯೊಂದನ್ನು ಟೈಲರಕ್ಕ ತೆಗೆಯಲು ಮರೆತಿದ್ದಳು. ಯಂತ್ರದ ಅಯಸ್ಕಾಂತ ಅದನ್ನೆಳೆದು ಮಾಂಸದೊಳಕ್ಕೆ ತಲೆಯವರೆಗೂ ಹೊಗಿಸಿತ್ತು.

"ನೋವಾಗ್ಲಿಲ್ವೇನೇ?"

"ಆಯ್ತು. ತುಂಬಾ ಆಯ್ತು. ನಾನು ಒತ್ಲಿಲ್ಲ. ಮತ್ತೆ ಮೊದಲಿಂದ ಇಲ್ಲ ಅಲ್ವಾಮ್ಮಾ?"

ಗಾಯ ಮಾಯಿತು. ಸೂಜಿಯಿಂದಾಗಿ ಕಪ್ಪಾದ ಚಿತ್ರ ಕೆಲಸಕ್ಕೆ ಬಾರದೆಂದು ಅಳಿಸಿದರು. ಆದರೆ ಮಿಷನ್ ಸದ್ದಾದರೆ ಬುಗುರಿ ಎಲ್ಲಿದ್ದರೂ ಓಡಿಬಂದು ಮೇಜಿನ ಕೆಳಗೆ ಮಲಗುತ್ತಾಳೆ. ಇದು ಬರೀ ಹೊಲಿಗೆ, ಏಳೇ ಎಂದು ಗೋಗರೆದರೂ ಏಳುವುದಿಲ್ಲ. ದಾರ ಮುಗೀತು ಎಂದರೆ ಮಾತ್ರ ಏಳುತ್ತಾಳೆ.

ಮೊನ್ನೆ ಗಿರಾಕಿ ಬಂದರೆಂದು ಟೈಲರಕ್ಕ ಮಿಷನ್ ನಿಲ್ಲಿಸಿ ಎದ್ದುಹೋದಳು. ಆ ಮಾತು ಹೇಳಲು ಮರೆತೇಹೋಯಿತು. ಸಂಜೆ ಬಂದು ನೋಡಿದರೆ ಮಗಳು ಉಚ್ಚೆಯಲ್ಲಿ ನೆಂದು, ತೋಳಿಗೆ ಮುತ್ತಿದ ಇರುವೆಗಳನ್ನೂ ಕೊಡವದೆ ಮಲಗಿದ್ದಳು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಆ ಮುಖದಲ್ಲಿ ಮೊದಲ ಸಲ ಮೆಚ್ಚುಗೆ ಇತ್ತು.

"ನೋಡಿದ್ಯಾ? ಎಷ್ಟು ಒಳ್ಳೆ ಹುಡುಗಿ ಆಗಿದಾಳೆ. ಕಲಿಸಿದ್ರೆ ಕಲೀತಾಳೆ ಅಂತ ನಾನು ಆವತ್ತೇ ಹೇಳಿರ್ಲಿಲ್ವಾ?"

ಟೈಲರಕ್ಕ ಮೊಣಕಾಲೂರಿ ಮೇಜಿನ ಕೆಳಗೆ ಬಗ್ಗಿದಳು. "ದಾರ..." ಎಂದು ಅರ್ಧಕ್ಕೇ ನಿಲ್ಲಿಸಿ, ತೋಳಿನ ಇರುವೆಗಳನ್ನು ಒಂದೊಂದಾಗಿ ಕೊಡವತೊಡಗಿದಳು. ಮಗಳು ಕಾಯುತ್ತಲೇ ಇದ್ದಳು.