ಕೆಂಗಲ್ಲಿನೊಳಗಿನ ಸುರುಳಿ

ವೆರೋನಾದ ಮೇಲಿನ ಆ ಗುಡ್ಡದೂರಿನಲ್ಲಿ ಕಲ್ಲಿಗೆ ಮೆರುಗು ಕೊಡುವ ಒತ್ತೊರಿನೊ ಉಜ್ಜದ ನೆಲವಿರಲಿಲ್ಲ. ಚರ್ಚಿನ ಮೆಟ್ಟಿಲು, ವಕೀಲರ ಪಡಸಾಲೆ, ದ್ರಾಕ್ಷಿತೋಟದ ಧಣಿಗಳ ಸ್ನಾನದ ಮನೆ, ಎಲ್ಲವೂ ಅವನ ಕೈಯಲ್ಲೇ ಹೊಳಪು ಕಂಡವು. ದೀಪದ ಬುಡದಲ್ಲೇ ಕತ್ತಲೆ ಎಂಬಂತೆ ಅವನ ಮನೆಯ ಬಚ್ಚಲಿನ ಕೆಂಗಲ್ಲು ಮಾತ್ರ ಮಂಕಾಗಿ ಬಿದ್ದಿತ್ತು. ಹೆಂಡತಿ ಇರ್ಮಾ ಕೇಳಿದಾಗಲೆಲ್ಲ, "ಮಂಡಿ ನೋವು, ಬರೋ ಚಳಿಗಾಲಕ್ಕೆ ಮಾಡೋಣ" ಎನ್ನುತ್ತಿದ್ದ. ಅವಳು ಬೇಸತ್ತು ತಾನೇ ವಿನೆಗರ್ ಸುರಿದು ತಿಕ್ಕಿದಳು. ಹುಳಿ ತಾಗಿದರೆ ಆ ಕೆಂಪು ಅಮೃತಶಿಲೆ ಉಳಿದೀತೇ? ನೆಲ ಪೂರ್ತಿ ಕುರುಡಾಯಿತು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಇರ್ಮಾ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿ ಬಂದ ದಿನದಿಂದ ಒತ್ತೊರಿನೊ ಪ್ರಾರ್ಥನೆಗೆ ಬಾಯಿ ತೆರೆಯಲಿಲ್ಲ.

ಅವಳು ತೀರಿ ತಿಂಗಳು ತುಂಬಿದ ಪೂಜೆಯ ಹಿಂದಿನ ದಿನ ಬೆಳಿಗ್ಗೆ ಅವನು ಬಚ್ಚಲಿನಲ್ಲಿ ಮಂಡಿಯೂರಿ ಉಜ್ಜುವ ಯಂತ್ರ ಹಚ್ಚಿದ. ನಾದಿನಿ ಜೆಲಿಂದಾ ಮೆಕ್ಕೆಜೋಳದ ಪೊಲೆಂತ ಗಂಜಿಯ ಬಟ್ಟಲು ಹಿಡಿದು ಬಂದು ಬಾಗಿಲಲ್ಲಿ ನಿಂತಳು.

"ಏನ್ ಭಾವ, ಅಕ್ಕ ಬಾಯಿಬಿಟ್ಟು ಕೇಳ್ದಾಗೆಲ್ಲ ಮಂಡಿ ನೋವು ಅಂತಿದ್ದೆ. ಈಗ ವಾಸಿ ಆಯ್ತಾ?"

"ಆಗಿಲ್ಲ. ಬಟ್ಟಲು ಅಲ್ಲಿಟ್ಟು ಹೋಗು."

"ಪಾದ್ರಿಗಳು ಕೇಳಿದ್ರು, ನಾಳೆ ಪೂಜೆಗೆ ನೀನು ಬರ್ತೀಯಾ ಅಂತ."

"ಬರಲ್ಲ ಅನ್ನು. ಆ ದೇವ್ರ ಹತ್ರ ನಂಗೇನೂ ಮಾತಿಲ್ಲ."

"ಮಾತು ಬೇಡ, ಬಂದು ಕೂತ್ಕೋ. ನಮ್ಮಕ್ಕನ ಪೂಜೇಲಿ ಗಂಡನ ಜಾಗ ಖಾಲಿ ಬಿಡ್ತೀಯಾ?"

ಅವನು ಯಂತ್ರ ಒತ್ತಿದ. ಕೆಂಪು ರಾಡಿ ಹರಿಯಿತು. ತೊಟ್ಟಿಯ ಮುಂದೆ, ಇರ್ಮಾ ದಿನಾ ನಿಂತು ಮುಖ ತೊಳೆಯುತ್ತಿದ್ದ ಚಪ್ಪಡಿಯ ಮೇಲೆ ಒಂದು ಗುಳಿಯಿತ್ತು. ಕಬ್ಬಿಣದ ಬಕೆಟ್ಟು ಬಿದ್ದು ಆದದ್ದು. ಅದು ಅಳಿಯುವವರೆಗೂ ತೇಯಬೇಕೆಂದು ಅವನ ಹಟ. ನೀರು ಬಳಿದು ನೋಡಿದರೆ, ಗುಳಿಯ ಪಕ್ಕದಲ್ಲಿ ಅಂಗೈಯಗಲದ ಬಿಳಿಯ ಸುರುಳಿ ಮೂಡಿತ್ತು.

"ಬಸವನಹುಳ!" ಎಂದಳು ಜೆಲಿಂದಾ.

"ಕಲ್ಲಾಗಿರೋ ಕಡಲಿನ ಹುಳ. ಈ ಗುಡ್ಡ ಸಮುದ್ರದ ತಳ ಆಗಿದ್ದಾಗಿಂದು. ನಮ್ಮೂರಿನ ಮೆಟ್ಟಿಲು ಮೆಟ್ಟಿಲಲ್ಲೂ ಇವೆ, ಅದೇನು ಹೊಸದು?"

ಹಾಗೆಂದರೂ ಅವನ ಕೈ ನಿಂತಿತ್ತು. ಯಂತ್ರದ ಒರಟು ಬಿಲ್ಲೆ ತೆಗೆದು ನಯವಾದದ್ದನ್ನು ಹಾಕಿ, ಉಸಿರು ಬಿಗಿಹಿಡಿದು ಮೆಲ್ಲಗೆ ಆಡಿಸಿದ. ಸುರುಳಿಯೊಳಗೆ ಗೋಡೆಗಳು ಕಂಡವು, ಗೋಡೆಗಳ ನಡುವೆ ಪುಟ್ಟ ಪುಟ್ಟ ಕೋಣೆಗಳು. ಒಂದಕ್ಕಿಂತ ಒಂದು ಕಿರಿದಾಗುತ್ತ, ನಟ್ಟನಡುವೆ ಸಾಸಿವೆಯಷ್ಟೇ ಇದ್ದ ಕಟ್ಟಕಡೆಯ ಕೋಣೆ. ಅದಕ್ಕೂ ಗೋಡೆಯಿತ್ತು. ಅದರೊಳಗೂ ಹರಳು ತುಂಬಿ ಮಿನುಗುತ್ತಿತ್ತು.

ಸಾವಿರಾರು ಸುರುಳಿಗಳನ್ನು ತುಳಿದು ನಡೆದವನು ಒಂದನ್ನಾದರೂ ಹೀಗೆ ನೋಡಿರಲಿಲ್ಲ. ಕಡಲ ಕೆಸರಿನಡಿ ಮುಚ್ಚಿಹೋದ ಮೇಲೆ ಇದನ್ನು ಕಂಡ ಕಣ್ಣಿಲ್ಲ. ಆ ಕತ್ತಲೆಯಲ್ಲಿ, ಯಾರೂ ನೋಡದ ಕಡೆ, ಸಾಸಿವೆಯಷ್ಟು ಕೋಣೆಯೂ ಕೆಡದಂತೆ ಕಾಪಾಡಿದ್ದು ಯಾರು? ಮಣ್ಣಿನಡಿ ಮಲಗಿದ ಇರ್ಮಾಳನ್ನೂ ಆ ಕೈಯೇ ಕಾಯುತ್ತಿರಬಹುದೇ ಎಂದುಕೊಂಡು ಅವನು ಸುರುಳಿಯ ಮೇಲೆ ಬೆರಳಾಡಿಸಿದ.

"ಆ ಗುಳಿ ಹಾಗೇ ಇದೆಯಲ್ಲ ಭಾವ. ಇನ್ನೊಂಚೂರು ತೇಯಿ."

"ತೇಯ್ದ್ರೆ ಇದು ಹೋಗುತ್ತೆ ಕಣೆ. ಕಲ್ಲು ಕೊಟ್ಟಿದ್ದನ್ನ ಕಳ್ಕೊಂಡ್ರೆ ಮತ್ತೆ ಸಿಗಲ್ಲ."

"ಗುಳಿ ಉಳಿಸ್ಕೊಂಡ ಒತ್ತೊರಿನೊ! ಊರಿಗೆ ಹೇಳಿದ್ರೆ ನಂಬ್ತಾರಾ?"

ಅವನು ನಗಲಿಲ್ಲ. ಯಂತ್ರ ಬದಿಗಿಟ್ಟು, ಮೆರುಗಿನ ಪುಡಿ ಉದುರಿಸಿ, ಉಣ್ಣೆಬಟ್ಟೆ ಹಿಡಿದು ಕೈಯಲ್ಲೇ ಉಜ್ಜತೊಡಗಿದ. ಮಂಕು ಕಳೆದು ಕಲ್ಲಿಗೆ ಆಳ ಬಂತು. ಕಿಟಕಿಯ ಬಿಸಿಲು ನೆಲದ ಒಳಕ್ಕೇ ಇಳಿದಂತೆ ಕಂಡಿತು. ಜೆಲಿಂದಾ ಶಿಲುಬೆಯ ಗುರುತು ಹಾಕಿಕೊಂಡಳು.

ಮಂಡಿಯೂರಿದ್ದಲ್ಲೇ ಒತ್ತೊರಿನೊನ ತುಟಿ ಅಲುಗಿತು. "ಸ್ವರ್ಗದಲ್ಲಿರುವ ತಂದೆಯೇ" ಎಂಬಲ್ಲಿಗೆ ಪ್ರಾರ್ಥನೆ ನಿಂತಿತು, ಮುಂದಿನದು ಬರಲಿಲ್ಲ. ಉಣ್ಣೆಬಟ್ಟೆ ಮಡಿಚಿಟ್ಟು ಕೊನೆಗೆ ಕೇಳಿದ:

"ಪೂಜೆ ಎಷ್ಟೊತ್ತಿಗೆ?"

"ಚರ್ಚಿನ ಮೊದಲ ಗಂಟೆ ಹೊಡೆದಾಗ. ಗಡ್ಡ ಹೆರ್ಕೊಂಡು ಬಾ, ಅಕ್ಕನ ಮರ್ಯಾದೆ ತೆಗೀಬೇಡ" ಎಂದು ಜೆಲಿಂದಾ ಒದ್ದೆಯಾದ ಕಣ್ಣನ್ನು ತೋಳಿನಲ್ಲೇ ಒರೆಸಿಕೊಂಡಳು.